ದ್ವೀಪಕ್ಕೆ ಕೊಟ್ಟ ಕೈಸಾಲ

ಕೊರಿಯರ್‌ನವನು ಬಂದಾಗ ನಾನು ಆಫೀಸ್ ಕಾಲ್‌ನಲ್ಲಿದ್ದೆ. ಇಬ್ರಾಹಿಂಪುರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಬಾಗಿಲಿಗೆ ಯಾರೇ ಬಂದರೂ ಮೊದಲು ಎದ್ದು ಹೋಗೋದು ಅಪ್ಪ. ಸಹಿ ಹಾಕಿ ಲಕೋಟೆ ತಗೊಂಡವರು, ನನ್ನ ಕಾಲ್ ಮುಗಿಯುವ ತನಕ ಅದನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ನಾನು ಹೊರಗೆ ಬಂದ ಕೂಡಲೇ ಕೇಳಿದ್ದು ಒಂದೇ ಮಾತು.

“ಏನ್ ಐತೋ ಇದರಾಗ, ಇಷ್ಟು ತೆಳ್ಳಗ?”

“ನೋಟು ಅಪ್ಪಾ.”

“ಎಲ್ಲಿ ನೋಟು?”

ಅಪ್ಪ 33 ವರ್ಷ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು. ನೋಟು ಅಂದರೆ ಅವರಿಗೆ ಹಗುರ ಮಾತಲ್ಲ. ನಾಲ್ಕು ವರ್ಷದಿಂದ ನಾನು ದ್ವೀಪಗಳ ಸ್ಮರಣಾರ್ಥ ನೋಟು ಕೂಡಿಸ್ತಾ ಇದ್ದೀನಿ ಅನ್ನೋದು ಹೆಂಡತಿಗೆ ಅರ್ಧ ಗೊತ್ತಿತ್ತು, ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ದಿನವಿಡೀ ನೋಟು ಎಣಿಸಿ ಬಂದು, ಕೈಗೆ ಸೋಪು ಹಚ್ಚಿ ಮೂರು ಸಲ ತೊಳೆದು ಊಟಕ್ಕೆ ಕೂರುತ್ತಿದ್ದ ಮನುಷ್ಯನಿಗೆ, “ನಾನು ನೋಟಿಗೆ ನೋಟು ಕೊಟ್ಟು ಬೇರೆ ನೋಟು ತರಿಸ್ತೀನಿ” ಅಂತ ಹೇಳೋದು ಹೇಗೆ?

ಈ ಹುಚ್ಚು ಶುರುವಾಗಿದ್ದು ಬೆಂಗಳೂರಿನಲ್ಲಿದ್ದಾಗ. ಆಫೀಸಿನ ಗೆಳೆಯನೊಬ್ಬ ಪ್ರಾಜೆಕ್ಟ್ ಕೆಲಸಕ್ಕೆ ಜೆರ್ಸಿಗೆ ಹೋಗಿದ್ದ. ಫ್ರಾನ್ಸಿನ ದಂಡೆಗೆ ಹತ್ತಿರ, ಆದರೆ ಇಂಗ್ಲೆಂಡಿನ ರಾಜಮನೆತನಕ್ಕೆ ಸೇರಿದ ದ್ವೀಪ ಅದು. ವಿಸ್ತೀರ್ಣ ಸುಮಾರು 118 ಚದರ ಕಿಲೋಮೀಟರ್. ನಮ್ಮ ವಿಜಯಪುರ ಜಿಲ್ಲೆ ಹತ್ತು ಸಾವಿರ ಚದರ ಕಿಲೋಮೀಟರ್ ದಾಟುತ್ತದೆ, ಹೋಲಿಸಿ ನೋಡಿ. ಬರುವಾಗ ಚಾಕೊಲೇಟ್ ಬದಲು ಒಂದು ಪೌಂಡ್‌ನ ನೋಟು ತಂದುಕೊಟ್ಟ. ಇಂಗ್ಲೆಂಡಿನಲ್ಲಿ ಒಂದು ಪೌಂಡ್ ನೋಟಿನ ಕಾಲ 1988ಕ್ಕೇ ಮುಗಿದಿದೆ, ಜೆರ್ಸಿಯವರು ಮಾತ್ರ ಬಿಟ್ಟಿಲ್ಲ. ನನಗೆ ಸಿಕ್ಕಿದ್ದರಲ್ಲಿ 1204–2004 ಅಂತ ಎರಡು ಇಸವಿ ಇದ್ದವು. 1204ರಲ್ಲಿ ಇಂಗ್ಲೆಂಡಿನ ದೊರೆ ಜಾನ್ ಫ್ರಾನ್ಸಿನ ನೆಲದ ಮೇಲಿದ್ದ ನಾರ್ಮಂಡಿಯನ್ನು ಕಳೆದುಕೊಂಡ. ಜೆರ್ಸಿ ಮಾತ್ರ ದೊರೆಯ ಜೊತೆ ಉಳಿಯಿತು. ಅದಕ್ಕೆ 800 ವರ್ಷ ಆಯ್ತು ಅನ್ನೋ ನೆನಪಿಗೆ ಆ ನೋಟು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅಂತೇನೂ ಹೇಳೋದಿಲ್ಲ. ಆದರೆ ಬೆಳಿಗ್ಗೆ ಎದ್ದು ಮೊದಲು ಹುಡುಕಿದ್ದು, ಹೀಗೆ ನೋಟಿನ ಮೇಲೆ ತಮ್ಮ ಕತೆ ಬರೆದುಕೊಂಡ ದ್ವೀಪ ಇನ್ನೆಷ್ಟು ಇವೆ ಅಂತ.

ಇವೆ, ಬೇಕಾದಷ್ಟು ಇವೆ. ಫಾಕ್‌ಲ್ಯಾಂಡ್ ದ್ವೀಪಗಳು 1983ರಲ್ಲಿ 5 ಪೌಂಡ್‌ನ ಸ್ಮರಣಾರ್ಥ ನೋಟು ತಂದವು. 1833ರಿಂದ ಬ್ರಿಟಿಷ್ ಆಡಳಿತಕ್ಕೆ 150 ವರ್ಷ ತುಂಬಿದ ನೆನಪಿಗೆ. ಅದರ ಹಿಂದಿನ ವರ್ಷವಷ್ಟೇ ಆ ದ್ವೀಪಗಳಿಗಾಗಿ ಅರ್ಜೆಂಟೀನಾ ಮತ್ತು ಬ್ರಿಟನ್ ನಡುವೆ ಯುದ್ಧ ಆಗಿತ್ತು. ಅಲ್ಲಿರುವ ಜನ ಮೂರೂವರೆ ಸಾವಿರದ ಆಸುಪಾಸು. ನಮ್ಮಲ್ಲಿ ಒಂದು ದೊಡ್ಡ ಹಳ್ಳಿಯಷ್ಟು ಜನಕ್ಕೆ ಸ್ವಂತ ನೋಟು! ಪೆಸಿಫಿಕ್‌ನ ಕುಕ್ ದ್ವೀಪಗಳದ್ದು ಇನ್ನೂ ಮಜಾ: 3 ಡಾಲರ್ ನೋಟು, ಅದರಲ್ಲಿ ಇನಾ ಅನ್ನೋ ಕತೆಯ ಹುಡುಗಿ ಶಾರ್ಕ್ ಮೀನಿನ ಮೇಲೆ ಹೊರಟಿದ್ದಾಳೆ. 1992ರಲ್ಲಿ ಅಲ್ಲಿ ಪೆಸಿಫಿಕ್ ಕಲೆಗಳ ಉತ್ಸವ ನಡೆದಾಗ ಅದೇ 3 ಡಾಲರ್‌ನ ಸ್ಮರಣಾರ್ಥ ನೋಟು ಬಂತು. ಫಿಜಿ ಸ್ವತಂತ್ರ ದೇಶ, ಪಟ್ಟಿಗೆ ಸೇರಬಾರದು. ಆದರೆ ಅದರ 7 ಡಾಲರ್ ನೋಟನ್ನು ಬಿಡೋಕೆ ನನಗೆ ಮನಸ್ಸಾಗಲಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ರಗ್ಬಿ ಸೆವೆನ್ಸ್ ಚಿನ್ನ ಗೆದ್ದರು, ಅದು ಆ ದೇಶದ ಮೊಟ್ಟಮೊದಲ ಒಲಿಂಪಿಕ್ ಪದಕ. ಏಳು ಜನ ಆಡುವ ಆಟ, ಅದಕ್ಕೇ 2017ರಲ್ಲಿ ಏಳು ಡಾಲರ್ ನೋಟು.

ನಾನು ಹುಟ್ಟಿ ಬೆಳೆದ ಊರಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ಹತ್ತಿರ ಇಲ್ಲ. ಮೊದಲ ಸಲ ಸಮುದ್ರ ನೋಡಿದ್ದೇ ಎಂಜಿನಿಯರಿಂಗ್ ಓದುವಾಗ, ಕಾರವಾರದಲ್ಲಿ. ಅದಕ್ಕೇ ಇರಬೇಕು ದ್ವೀಪಗಳ ಮೇಲೆ ಈ ಮೋಹ.

ಇಷ್ಟನ್ನೂ ಅವತ್ತು ಅಪ್ಪನಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. “ತಗಿ, ನೋಡೂಣು” ಅಂದರು.

ಲಕೋಟೆ ತೆಗೆದೆ. ಎರಡು ತಿಂಗಳಿಂದ ಕಾಯ್ತಿದ್ದ ನೋಟು. ಪೆಸಿಫಿಕ್‌ನ ಒಂದು ಪುಟ್ಟ ದ್ವೀಪದ ಹೆಸರು, ಹೊಳೆಯುವ ಹೊಲೋಗ್ರಾಂ, ಹಡಗು, ತಿಮಿಂಗಿಲ, ಮೂಲೆಯಲ್ಲಿ ವಾರ್ಷಿಕೋತ್ಸವದ ಇಸವಿ. ಕೊಟ್ಟಿದ್ದು 4,200 ರೂಪಾಯಿ. ಬೆಲೆ ಮಾತ್ರ ಬಾಯಿ ಬಿಡಲಿಲ್ಲ.

ಅಪ್ಪ ಕನ್ನಡಕ ಏರಿಸಿಕೊಂಡು ಬೆಳಕಿಗೆ ಹಿಡಿದರು. ಇತ್ತೀಚೆಗೆ ಅವರ ಬಲಗೈ ಸ್ವಲ್ಪ ನಡುಗುತ್ತದೆ. ಆದರೆ ನೋಟು ಕೈಗೆ ಬಂದ ಕೂಡಲೇ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಅಂಚಿನ ಗುಂಟ ಸರಿಯಿತು. ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಮೂರು ಪ್ರಶ್ನೆ ಕೇಳಿದರು.

“ಇದನ್ನ ಕೊಟ್ಟಾಂವ ಯಾವ? ಅಂದ್ರ ಬ್ಯಾಂಕ್ ಯಾವುದು, ಸರಕಾರ ಯಾವುದು?”

ಹುಡುಕಿದೆ. ಬ್ಯಾಂಕಿನ ಹೆಸರಿರಲಿಲ್ಲ.

“ಸಹಿ ಯಾರದು? ಗವರ್ನರಾ, ಖಜಾನೆ ಅಧಿಕಾರಿನಾ?”

ಸಹಿ ಇತ್ತು, ಹುದ್ದೆ ಇರಲಿಲ್ಲ.

“ಮಾತು ಏನು ಕೊಟ್ಟಾನ?”

ಇದು ಮಾತ್ರ ನನಗೆ ತಿಳೀಲಿಲ್ಲ. ಅಪ್ಪ ಜೇಬಿನಿಂದ ನೂರು ರೂಪಾಯಿ ನೋಟು ತೆಗೆದು ತೋರಿಸಿದರು. ಧಾರಕನಿಗೆ ಇಷ್ಟು ರೂಪಾಯಿ ಕೊಡುತ್ತೇನೆ ಅಂತ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಹಾಕಿ ವಚನ ಕೊಟ್ಟಿರುತ್ತಾರಲ್ಲ, ಅದು. ಒಂದು ರೂಪಾಯಿ ನೋಟಿನಲ್ಲಿ ಆ ವಚನ ಇರೋದಿಲ್ಲ, ಯಾಕಂದರೆ ಅದನ್ನು ಹೊರಡಿಸೋದು ರಿಸರ್ವ್ ಬ್ಯಾಂಕ್ ಅಲ್ಲ, ಭಾರತ ಸರಕಾರ. ಅದರ ಮೇಲೆ ಹಣಕಾಸು ಕಾರ್ಯದರ್ಶಿಯ ಸಹಿ. ನಾನು ಇಷ್ಟು ವರ್ಷ ನೋಟು ಕೂಡಿಸಿದವನು, ನನ್ನ ಜೇಬಿನ ನೋಟನ್ನೇ ಓದಿರಲಿಲ್ಲ.

“ವಚನ ಇರಬೇಕು, ಇಲ್ಲಾ ಇದು ಕಾಯ್ದೆ ಪ್ರಕಾರ ಚಲಾವಣೆ ನೋಟು ಅಂತರ ಇರಬೇಕು. ಎರಡೂ ಇಲ್ಲ ಅಂದ್ರ ಇದು ಚಿತ್ರ” ಅಂದರು ಅಪ್ಪ. “ಚಲೋ ಐತಿ ಚಿತ್ರ. ಎಷ್ಟು ಕೊಟ್ಟಿ?”

ರಾತ್ರಿ ಕೂತು ಕೆದಕಿದೆ. ಅಪ್ಪ ಹೇಳಿದ್ದು ಖರೆ. ಆ ದ್ವೀಪದಲ್ಲಿ ನಡೆಯೋದು ನ್ಯೂಜಿಲೆಂಡ್ ಡಾಲರ್, ಅಲ್ಲಿನವರು ಸ್ವಂತ ನೋಟು ಹೊರಡಿಸಿಯೇ ಇಲ್ಲ. ಯಾರೋ ಖಾಸಗಿಯವರು ಮುದ್ರಿಸಿ ಮಾರಿದ ಕಾಗದ ಅದು. ಸಂಗ್ರಹಕಾರರು ಇದನ್ನು ಫ್ಯಾಂಟಸಿ ನೋಟು ಅಂತಾರೆ. ಒಂದು ಸರಕಾರವೇ ಇಲ್ಲದ ಅಂಟಾರ್ಕ್ಟಿಕಾದ ಹೆಸರಿನಲ್ಲೂ ಡಾಲರ್ ನೋಟು ಮಾರಾಟ ಆಗಿವೆ ಅಂದ ಮೇಲೆ ದ್ವೀಪದ್ದೇನು ಹೇಳೋದು. ಇವನ್ನು ಮಾರೋದು ಖೋಟಾ ನೋಟಿನ ಅಪರಾಧ ಆಗೋದಿಲ್ಲ, ಯಾಕಂದರೆ ಅಸಲಿಯೇ ಇಲ್ಲದ್ದಕ್ಕೆ ನಕಲಿ ಎಲ್ಲಿಂದ ಬರಬೇಕು? ಆದರೆ ಅಸಲಿ ಅಂತ ಹೇಳಿ ಮಾರಿದರೆ ಮೋಸ ಮೋಸವೇ. ನನಗೆ ಮಾರಿದವನು ಎರಡು ಮೆಸೇಜ್‌ಗೆ ಉತ್ತರ ಕೊಟ್ಟ, ಮೂರನೆಯದಕ್ಕೆ ಬ್ಲಾಕ್ ಮಾಡಿದ.

ಬೆಳಿಗ್ಗೆ ಚಹಾ ಕುಡಿಯುವಾಗ ಬೆಲೆ ಹೇಳಿಬಿಟ್ಟೆ. ಬೈಗುಳ ಬರುತ್ತೆ ಅಂತ ಕಾಯ್ದೆ. ಅವ್ವ ಒಳಗಿದ್ದಳು. ಅಪ್ಪ ಬಸಿ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು: “ನಾನೂ ಒಮ್ಮೆ ಹನ್ನೆರಡು ಸಾವಿರ ಕಳೆದೀನಿ. ನಿಮ್ಮವ್ವಗ ಗೊತ್ತಿಲ್ಲ.”

2016ರ ನವೆಂಬರ್. ಐನೂರು, ಸಾವಿರದ ಹಳೇ ನೋಟು ರದ್ದಾದ ದಿನಗಳು. ಕೌಂಟರ್ ಮುಂದೆ ಬೆಳಗಿನಿಂದ ರಾತ್ರಿ ತನಕ ಸರದಿ. ಹೊಸ ಎರಡು ಸಾವಿರದ ನೋಟು, ನುಣುಪು, ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಒಂದು ರಾತ್ರಿ ಲೆಕ್ಕ ಹಚ್ಚಿದಾಗ ಆರು ನೋಟು ಕಡಿಮೆ. ಯಾರಿಗೆ ಹೆಚ್ಚು ಹೋಯಿತೋ ಗೊತ್ತಿಲ್ಲ. ಸರದಿಯಲ್ಲಿ ನಿಂತವರಲ್ಲಿ ಯಾರ ಮುಖವೂ ಕಳ್ಳರ ಮುಖ ಆಗಿರಲಿಲ್ಲ ಅಂತಾರೆ ಅಪ್ಪ. ಕ್ಯಾಶ್ ಕಡಿಮೆ ಬಿದ್ದರೆ ಕ್ಯಾಶಿಯರ್ ತುಂಬಬೇಕು. ತುಂಬಿದರು.

ಆ ತಿಂಗಳು ನನಗೆ ನೆನಪಿದೆ. ನಾನು ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟ್ ಖರ್ಚಿಗೆ ಮನೆಯಿಂದ ಬರಬೇಕಿದ್ದ ದುಡ್ಡು ತಡವಾಯ್ತು ಅಂತ ಫೋನಿನಲ್ಲಿ ಅಪ್ಪನ ಮೇಲೆ ರೇಗಿದ್ದೆ. “ಬ್ಯಾಂಕಿನಾಗ ಕುಂತು ರೊಕ್ಕ ಇಲ್ಲ ಅಂತೀರಲ್ಲ” ಅಂದಿದ್ದೆ. ಅವರು “ಮುಂದಿನ ವಾರ ಕಳಸ್ತೀನೋ” ಅಂದು ಫೋನಿಟ್ಟಿದ್ದರು. ಒಂಬತ್ತು ವರ್ಷ ಆದ ಮೇಲೆ ಆ ಮುಂದಿನ ವಾರ ಯಾಕೆ ಬೇಕಾಗಿತ್ತು ಅಂತ ತಿಳೀತು. ಕ್ಷಮಿಸಿ ಅನ್ನೋ ಮಾತು ನಮ್ಮ ಮನೆಯಲ್ಲಿ ರೂಢಿ ಇಲ್ಲ. ಇನ್ನೊಂದು ಕಪ್ ಚಹಾ ಮಾಡಿ ತಂದೆ.

ಅವತ್ತಿನಿಂದ ಭಾನುವಾರ ನಾವಿಬ್ಬರೂ ಆಲ್ಬಮ್ ಬಿಚ್ಚಿ ಕೂರೋದು ರೂಢಿ ಆಗಿದೆ. ಅಪ್ಪ ಒಂದೊಂದೇ ನೋಟಿಗೆ ಅದೇ ಮೂರು ಪ್ರಶ್ನೆ ಕೇಳ್ತಾರೆ. ನಾನು ಉತ್ತರ ಹುಡುಕಿ ಪಕ್ಕದ ಚೀಟಿಯಲ್ಲಿ ಬರೀತೀನಿ. ಹಾಗೆ ಕೂತಾಗಲೇ ಒಂದು ಭಾನುವಾರ ಅವರು ಕೇಳಿದ ಪ್ರಶ್ನೆ, ನಾಲ್ಕು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

“ಈ ನೋಟು ನೀ ಯಾವತ್ತರ ಆ ದ್ವೀಪಕ್ಕ ಒಯ್ದು ಖರ್ಚು ಮಾಡಾಂವ ಇದ್ದೀಯೇನು?”

“ಇಲ್ಲ.”

“ಹಂಗಾರ ನೀ ಅವರಿಗೆ ಕೈಸಾಲ ಕೊಟ್ಟಂಗಾತು. ಬಡ್ಡಿ ಇಲ್ಲದ್ದು. ತಿರುಗಿ ಕೇಳದ್ದು.”

ಬ್ಯಾಂಕಿನವರ ಲೆಕ್ಕ ಇದು. ನೋಟು ಅಂದರೆ ಹೊರಡಿಸಿದವರು ಧಾರಕನಿಗೆ ಕೊಡಬೇಕಾದ ಬಾಕಿ. ನಮ್ಮ ರಿಸರ್ವ್ ಬ್ಯಾಂಕಿನ ಲೆಕ್ಕಪತ್ರದಲ್ಲೂ ಚಲಾವಣೆಯಲ್ಲಿರುವ ನೋಟುಗಳು ಹೊಣೆಯ ಕಡೆಗೇ ಬರುತ್ತವೆ. ಜೆರ್ಸಿಯ ಒಂದು ಪೌಂಡ್ ಹೊರಗೆ ಬಂತು ಅಂದರೆ ಅಷ್ಟು ಹಣ ಅಲ್ಲಿನ ಸರಕಾರದ ಕೈಗೆ ಬಂದಿದೆ ಅಂತ ಅರ್ಥ. ಅದನ್ನು ಹೂಡಿಕೆ ಮಾಡಿದರೆ ಬರುವ ಆದಾಯ ಅವರದ್ದು. ನೋಟು ತಿರುಗಿ ಬಂದಾಗ ಹಣ ಕೊಡಬೇಕು. ಬರದೇ ಹೋದರೆ? ಮುದ್ರಣದ ಖರ್ಚು ಕಳೆದು ಉಳಿದಿದ್ದೆಲ್ಲ ಲಾಭ. ಸ್ಮರಣಾರ್ಥ ನೋಟಿನ ಗುಟ್ಟೇ ಇದು. ಅದನ್ನು ಕೊಂಡವನು ಮಡಚೋದಿಲ್ಲ, ಖರ್ಚು ಮಾಡೋದಿಲ್ಲ, ಪ್ಲಾಸ್ಟಿಕ್ ಜೇಬಿನಲ್ಲಿ ಹಾಕಿ ಇಟ್ಟುಬಿಡ್ತಾನೆ. ಕಾರ್ಖಾನೆ ಇಲ್ಲದ, ಗಣಿ ಇಲ್ಲದ ಪುಟ್ಟ ದ್ವೀಪಕ್ಕೆ ಇದೂ ಒಂದು ಬೆಳೆ. ಅಂಚೆಚೀಟಿ ಮಾರಿ ದುಡ್ಡು ಮಾಡಿದ ದ್ವೀಪಗಳದ್ದೂ ಇದೇ ದಾರಿ.

ಇದು ತಿಳಿದ ಮೇಲೆ ಹವ್ಯಾಸ ಸಪ್ಪೆ ಆಗುತ್ತೆ ಅಂದುಕೊಂಡೆ. ಆಗಲಿಲ್ಲ. ಇನಾಳ ದ್ವೀಪಕ್ಕೆ ನಾನು 3 ಡಾಲರ್ ಕೈಸಾಲ ಕೊಟ್ಟವನು ಅಂತ ಅನಿಸಿದರೆ ಒಂಥರಾ ಖುಷಿ. ನನಗೆ ಮೋಸ ಮಾಡಿದ ಆ ಚಿತ್ರದ ಹಣ ಮಾತ್ರ ಯಾವ ದ್ವೀಪಕ್ಕೂ ಹೋಗಲಿಲ್ಲವಲ್ಲ ಅನ್ನೋದೇ ನೋವು. ವ್ಯತ್ಯಾಸ ಇರೋದು ಅಲ್ಲೇ: ಅಸಲಿ ನೋಟಿನ ಹಿಂದೆ ಮಾತು ಕೊಟ್ಟವರು ಇರ್ತಾರೆ.

ಈ ಕತೆಗೆ ನಮ್ಮೂರು ಬಂದು ಸೇರಿದ್ದು ಹೋದ ತಿಂಗಳು. ನಮ್ಮ ಪರಿಚಯದ ಅಕ್ಕ ಒಬ್ಬರು ಮಾಲ್ಡೀವ್ಸ್‌ನಲ್ಲಿ ನರ್ಸ್. ರಜೆಗೆ ಬಂದಾಗ 10 ರುಫಿಯಾದ ಒಂದು ಪ್ಲಾಸ್ಟಿಕ್ ನೋಟು, ಆಮೆಯ ಚಿತ್ರದ 50 ಲಾರಿಯ ಒಂದು ನಾಣ್ಯ ಕೊಟ್ಟರು. ಮಾಲ್ಡೀವ್ಸ್ 1965ರ ಜುಲೈ 26ರಂದು ಸ್ವತಂತ್ರವಾಯಿತು. ಅದಕ್ಕೆ ಐವತ್ತು ತುಂಬಿದ ನೆನಪಿಗೆ 2015ರಲ್ಲಿ ಪಾಲಿಮರ್ ನೋಟುಗಳ ಹೊಸ ಸರಣಿಯನ್ನೇ ತಂದರು, ನನಗೆ ಸಿಕ್ಕಿದ್ದು ಅದರದ್ದು. ಅದೇ ವರ್ಷ 5,000 ರುಫಿಯಾದ ಸ್ಮರಣಾರ್ಥ ನೋಟನ್ನೂ ತಂದರು. ಅದು ನಮ್ಮ ರೂಪಾಯಿಯಲ್ಲಿ ಇಪ್ಪತ್ತೈದು ಸಾವಿರ ದಾಟುತ್ತದೆ, ದೂರದಿಂದಲೇ ಕೈಮುಗಿದಿದ್ದೇನೆ.

ಅವ್ವ ನಾಣ್ಯ ತಿರುಗಿಸಿ ನೋಡಿದಳು. “ಐವತ್ತು ಲಾರಿ ಇಷ್ಟರಾಗ ಹಿಡಿಸ್ಯಾರಲ್ಲೋ!” ಅಂದಳು. ಎಲ್ಲರೂ ನಕ್ಕೆವು. ನೂರು ಲಾರಿ ಸೇರಿದರೆ ಒಂದು ರುಫಿಯಾ. ರುಫಿಯಾ ನಮ್ಮ ರೂಪಾಯಿಯ ಬಳಗ, ಅದು ಗೊತ್ತು. ಈ ಲಾರಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದವನು ನೇರ ಬಾರಾ ಕಮಾನ್ ಮುಂದೆ ಬಂದು ನಿಂತೆ.

ಇರಾನಿನ ದಕ್ಷಿಣಕ್ಕೆ ಲಾರ್ ಅನ್ನೋ ಊರಿದೆ. ಅಲ್ಲಿ ಹುಟ್ಟಿದ ಬೆಳ್ಳಿ ನಾಣ್ಯಕ್ಕೆ ಲಾರಿ ಅಥವಾ ಲಾರಿನ್ ಅಂತ ಹೆಸರು. ನೋಡಿದರೆ ನಾಣ್ಯ ಅನಿಸೋದೇ ಇಲ್ಲ. ಬೆಳ್ಳಿಯ ತಂತಿಯನ್ನು ನಡುವೆ ಮಡಚಿ, ಮುದ್ರೆ ಒತ್ತಿ ಚಪ್ಪಟೆ ಮಾಡಿದ್ದು. ಹೆಂಗಸರು ತಲೆಗೆ ಹಾಕುವ ಪಿನ್ನಿನ ಹಾಗೆ. ತೂಕ ಐದು ಗ್ರಾಂಗೆ ಸ್ವಲ್ಪ ಕಡಿಮೆ. ಪರ್ಷಿಯಾ ಕೊಲ್ಲಿಯಿಂದ ಶ್ರೀಲಂಕಾ ತನಕ ಬಂದರಿನ ವ್ಯಾಪಾರದಲ್ಲಿ ಇದು ನಡೆಯುತ್ತಿತ್ತು. 1602ರಲ್ಲಿ ಹಡಗು ಒಡೆದು ಮಾಲ್ಡೀವ್ಸ್‌ನಲ್ಲಿ ಸಿಕ್ಕಿಬಿದ್ದ ಫ್ರೆಂಚ್ ಯಾತ್ರಿಕ ಫ್ರಾಂಸ್ವಾ ಪಿರಾರ್, ಅಲ್ಲಿನ ರಾಜನೂ ತನ್ನ ಹೆಸರು ಒತ್ತಿದ ಲಾರಿನ್ ಹೊರಡಿಸುತ್ತಿದ್ದ ಅಂತ ಬರೆದಿದ್ದಾನೆ. ಆಮೇಲೆ ತಂತಿ ಹೋಗಿ ದುಂಡು ನಾಣ್ಯ ಬಂತು, ಹೆಸರು ಮಾತ್ರ ಲಾರಿ ಅಂತಲೇ ಉಳಿಯಿತು.

ಅದೇ ತಂತಿ ನಾಣ್ಯವನ್ನು ನಮ್ಮ ಬಿಜಾಪುರದ ಸುಲ್ತಾನನೂ ಹೊರಡಿಸಿದ್ದ! 1656ರಿಂದ 1672ರ ತನಕ ಆಳಿದ ಎರಡನೇ ಅಲಿ ಆದಿಲ್ ಶಾ. ಕೊಂಕಣ ದಂಡೆಯಲ್ಲಿ ಆದಿಲ್ ಶಾಹಿಗಳಿಗೆ ದಾಭೋಲ್‌ನಂಥ ಬಂದರುಗಳಿದ್ದವು. ಸಮುದ್ರದ ವ್ಯಾಪಾರಿಗೆ ಬೇಕಾದ್ದು ಅವನಿಗೆ ಗುರುತಿರುವ ಬೆಳ್ಳಿ. ಆ ತಂತಿಯ ಮೇಲೆ ಸುಲ್ತಾನ್ ಅಲಿ ಆದಿಲ್ ಶಾ ಅಂತ ಹೆಸರು ಒತ್ತಿದರು. ಅಪ್ಪನ ಭಾಷೆಯಲ್ಲಿ ಹೇಳೋದಾದರೆ, ಕೊಟ್ಟವನು ಯಾರು ಅನ್ನೋದು ಬರೆದಿತ್ತು.

ಇನ್ನೂ ಹಿಂದಕ್ಕೆ ಹೋದರೆ ಕವಡೆ. ಹಣದ ಹಾಗೆ ನಡೆದ ಕವಡೆಯ ದೊಡ್ಡ ಕಣಜ ಮಾಲ್ಡೀವ್ಸ್. ಅಲ್ಲಿಂದ ಹಡಗುಗಟ್ಟಲೆ ಬಂಗಾಳಕ್ಕೆ ಹೋಗುತ್ತಿತ್ತು. ನಾವು ಇವತ್ತಿಗೂ “ಕವಡೆ ಕಾಸಿನ ಕಿಮ್ಮತ್ತಿಲ್ಲ” ಅಂತ ಬೈಯುವಾಗ ದ್ವೀಪದ ದುಡ್ಡನ್ನೇ ನೆನೆಸುತ್ತೇವೆ.

ಅವತ್ತು ಸಂಜೆ ಅಪ್ಪನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಬಾರಾ ಕಮಾನ್‌ಗೆ ಹೋದೆ. ಸಾವಿರ ಸಲ ಅದರ ಪಕ್ಕ ಹಾದುಹೋಗಿದ್ದೇನೆ. ಅರ್ಧಕ್ಕೆ ನಿಂತ ಕಪ್ಪು ಕಮಾನುಗಳು, ಮೇಲೆ ಮಾಳಿಗೆ ಇಲ್ಲ, ನಡುವೆ ಅಲಿ ಆದಿಲ್ ಶಾನ ಗೋರಿ. ಮುಗಿಯದೇ ಉಳಿದ ಕಟ್ಟಡ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಇವನ ಹೆಸರಿದ್ದ ತಂತಿ ಹಡಗಿನವರ ಕೈಯಲ್ಲಿ ಓಡಾಡುತ್ತಿತ್ತು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಕಟ್ಟೆ ಮೇಲೆ ಕೂತು ಬಹಳ ಹೊತ್ತು ನೋಡಿದರು. “ಮನಿ ಮುಗಸ್ಲಿಲ್ಲ, ಆದ್ರ ರೊಕ್ಕ ನಡೆಸಿದ್ನಲ್ಲ” ಅಂದರು.

ಇದನ್ನು ಓದಿ ಯಾರಿಗಾದರೂ ಆಸೆ ಹುಟ್ಟಿದರೆ ನಾಲ್ಕು ಮಾತು. ಕೊಳ್ಳುವ ಮೊದಲು ಅಪ್ಪನ ಮೂರು ಪ್ರಶ್ನೆ ಕೇಳಿಕೊಳ್ಳಿ. ಹೊರಡಿಸಿದ ಬ್ಯಾಂಕ್ ಅಥವಾ ಸರಕಾರದ ಜಾಲತಾಣದಲ್ಲಿ ಆ ನೋಟು ಇದೆಯಾ ನೋಡಿ. ಜಗತ್ತಿನ ನೋಟುಗಳಿಗೆ ಪಿಕ್ ಸಂಖ್ಯೆ ಅಂತ ಒಂದು ಕ್ಯಾಟಲಾಗ್ ಗುರುತು ಇರುತ್ತದೆ, ಮಾರುವವನು ಅದನ್ನು ಹೇಳದಿದ್ದರೆ ಎರಡು ಸಲ ಯೋಚಿಸಿ. ಅಗ್ಗದ ಪಿವಿಸಿ ಜೇಬುಗಳು ವರ್ಷ ಕಳೆದಂತೆ ನೋಟಿಗೆ ಅಂಟುತ್ತವೆ, ಪಾಲಿಯೆಸ್ಟರ್‌ನವು ತಗೊಳ್ಳಿ. ಇಸ್ತ್ರಿ ಮಾಡಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಹಳೇ ನಾಣ್ಯದ ಕಡೆ ಮನಸ್ಸು ಹೋದರೆ ಇನ್ನೊಂದು ಎಚ್ಚರ: ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಮತ್ತೆ, ಮನೆಯವರಿಗೆ ಬೆಲೆ ಹೇಳಿಬಿಡಿ. ಹೇಳಿದ್ದರೆ ನನ್ನ 4,200 ಉಳಿಯುತ್ತಿತ್ತು.

ಆ ಚಿತ್ರವನ್ನು ನಾನು ಹರಿದು ಹಾಕಿಲ್ಲ. ಆಲ್ಬಮ್‌ನ ಕೊನೆಯ ಜೇಬಿನಲ್ಲಿದೆ. ಪಕ್ಕದ ಚೀಟಿಯಲ್ಲಿ ಕೊಟ್ಟವರು, ಸಹಿ, ಮಾತು ಮೂರರ ಮುಂದೆಯೂ ಗೆರೆ ಎಳೆದು, ಕೆಳಗೆ ನಾನು ಕೊಟ್ಟ ದುಡ್ಡು ಬರೆದಿದ್ದೇನೆ.

ಬಾರಾ ಕಮಾನ್‌ನಿಂದ ಬಂದ ರಾತ್ರಿ ಅಪ್ಪ ತಮ್ಮ ಟ್ರಂಕ್ ತೆಗೆದು, ಹಳೇ ಪಾಸ್‌ಬುಕ್ಕಿನ ನಡುವಿನಿಂದ ಒಂದು ನೋಟು ತಂದರು. ಹತ್ತು ರೂಪಾಯಿ. ಕೂತು ಓದುತ್ತಿರುವ ಗಾಂಧೀಜಿ, ಹಿಂದೆ ಸೇವಾಗ್ರಾಮದ ಕುಟೀರ. ಗಾಂಧೀಜಿ ಹುಟ್ಟಿ ನೂರು ವರ್ಷ ಆದಾಗ, 1969ರಲ್ಲಿ ನಮ್ಮ ದೇಶ ತಂದ ಸ್ಮರಣಾರ್ಥ ನೋಟು. ನೌಕರಿಗೆ ಸೇರಿದ ಹೊಸದರಲ್ಲಿ ಯಾರೋ ರೈತರು ಕಟ್ಟಿದ ಹಣದಲ್ಲಿ ಬಂದಿತ್ತಂತೆ. ತಮ್ಮ ಜೇಬಿನ ಹತ್ತು ರೂಪಾಯಿ ಕ್ಯಾಶಿಗೆ ಹಾಕಿ ಇದನ್ನು ಇಟ್ಟುಕೊಂಡಿದ್ದರಂತೆ. ನಡುವೆ ಮಡಿಕೆ ಬಿದ್ದಿದೆ, ಒಂದು ಮೂಲೆ ಸವೆದಿದೆ.

ನಡುಗುವ ಕೈಯಿಂದ ಆಲ್ಬಮ್‌ನ ಮೊದಲ ಜೇಬಿಗೆ ತಾವೇ ಸೇರಿಸಿದರು. ನಾನು ಸುಮ್ಮನಿರಬಹುದಿತ್ತು. “ಅಪ್ಪಾ, ಇದು ದ್ವೀಪದ್ದಲ್ಲ” ಅಂದೆ.

“ಇರಲಿ ಬಿಡೋ” ಅಂದರು. “ಮೊದಲನೇ ಪುಟ ನಮ್ಮದಿರಲಿ.”